ದಲಾಲಿಯೋ ಬಾಡಿಗೆಯೋ? ಕ್ರಿಯೇಟರ್‌ಗಳಿಗೆ ಸಣ್ಣ ಸಾಫ್ಟ್‌ವೇರ್ ಸೇವೆ ಕೊಡುವವರ ಬೆಲೆಯ ಲೆಕ್ಕ

2025ರ ಆಗಸ್ಟ್ 4ರಿಂದ ಅಮೆರಿಕದ ಪೇಟ್ರಿಯಾನ್ ಸಂಸ್ಥೆ ತನ್ನಲ್ಲಿ ಹೊಸದಾಗಿ ಪುಟ ತೆರೆಯುವವರಿಗೆಲ್ಲ ಒಂದೇ ದರವನ್ನು ಜಾರಿಗೆ ತಂದಿದೆ. ಅಭಿಮಾನಿಗಳಿಂದ ಬರುವ ಹಣದಲ್ಲಿ ಶೇ. 10 ಸಂಸ್ಥೆಗೆ ಸೇರುತ್ತದೆ. ಹಣ ಪಾವತಿಯ ಖರ್ಚು ಬೇರೆ. 2013ರಲ್ಲಿ ಈ ಸಂಸ್ಥೆ ಆರಂಭವಾದಾಗ ಅದರ ಪಾಲು ಶೇ. 5 ಇತ್ತು. ಅದೇ 2025ರ ಜುಲೈನಲ್ಲಿ ಸುದ್ದಿಪತ್ರ ಬರೆಯುವವರ ತಾಣವಾದ ಸಬ್‌ಸ್ಟ್ಯಾಕ್ ಹೂಡಿಕೆದಾರರಿಂದ 10 ಕೋಟಿ ಡಾಲರ್ ಎತ್ತಿತು. ಅದರ ಪಾಲೂ ಶೇ. 10. ಈ ಎರಡು ಸುದ್ದಿಗಳು ಭಾರತದ ಪತ್ರಿಕೆಗಳಲ್ಲಿ ಒಳಪುಟದಲ್ಲಿ ಬಂದು ಹೋದವು. ಆದರೆ ಮನೆಯಲ್ಲೇ ಕುಳಿತು ಪಾಠ, ಸಂಗೀತ, ಚಿತ್ರ, ಬರಹ ಮಾರಿ ಹೊಟ್ಟೆ ಹೊರೆಯುವ ಲಕ್ಷಾಂತರ ಜನರಿಗೆ ಇವು ಮುಖಪುಟದ ಸುದ್ದಿಗಳೇ.

ಇಂಥವರನ್ನೆಲ್ಲ ಒಟ್ಟಾಗಿ ಈಗ ಕ್ರಿಯೇಟರ್‌ಗಳು ಎಂದು ಕರೆಯುವ ರೂಢಿಯಾಗಿದೆ. ಇವರಿಗೆ ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಮಾಲು ಇಡಲು ಒಂದು ಪುಟ, ಹಣ ಪಡೆಯಲು ಒಂದು ದಾರಿ, ಚಂದಾದಾರರ ಪಟ್ಟಿ, ಆ ಪಟ್ಟಿಗೆ ಪತ್ರ ಕಳಿಸುವ ವ್ಯವಸ್ಥೆ. ಈ ನಾಲ್ಕನ್ನು ಒದಗಿಸುವ ಸಾಫ್ಟ್‌ವೇರ್ ಸೇವೆಗಳು ದೊಡ್ಡವೂ ಇವೆ, ಒಬ್ಬಿಬ್ಬರೇ ಕೂತು ನಡೆಸುವ ಸಣ್ಣವೂ ಇವೆ. ವ್ಯಾಪಾರಿ ಮನೆತನಗಳ ಮಕ್ಕಳೂ ಇಂದು ಅಂಗಡಿ ಗಲ್ಲೆಯ ಬದಲು ಸಾಫ್ಟ್‌ವೇರ್ ಕಲಿತು, ಕೆಲಸ ಬಿಟ್ಟು, ಇಂಥ ಸಣ್ಣ ಸೇವೆ ಕಟ್ಟುವ ಯೋಚನೆಯಲ್ಲಿದ್ದಾರೆ. ಕಟ್ಟುವುದು ಅವರಿಗೆ ಬರುತ್ತದೆ. ಬೆಲೆ ಕಟ್ಟುವುದರಲ್ಲೇ ಎಡವುತ್ತಾರೆ.

ಬೆಲೆ ಎಷ್ಟು ಎನ್ನುವುದಕ್ಕಿಂತ ಬೆಲೆಯನ್ನು ಯಾವ ರೀತಿ ಪಡೆಯಲಾಗುತ್ತದೆ ಎನ್ನುವುದು ಇಲ್ಲಿ ಮುಖ್ಯ. ರೀತಿಗಳು ಎರಡೇ. ಒಂದು ದಲಾಲಿ, ಇನ್ನೊಂದು ಬಾಡಿಗೆ. ಎಪಿಎಂಸಿ ಯಾರ್ಡ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಡತಿ ಅಂಗಡಿಯವನು ಮಾಲು ಮಾರಿದರೆ ನೂರಕ್ಕೆ ಇಷ್ಟು ಎಂದು ಹಿಡಿದುಕೊಳ್ಳುತ್ತಾನೆ. ಮಾಲು ಮಾರದಿದ್ದರೆ ಅವನಿಗೂ ಇಲ್ಲ, ರೈತನಿಗೂ ಇಲ್ಲ. ಗೋದಾಮಿನವನು ಹಾಗಲ್ಲ. ಮಾಲು ಮಾರಲಿ ಬಿಡಲಿ, ತಿಂಗಳ ಬಾಡಿಗೆ ಎಣಿಸಿಕೊಳ್ಳುತ್ತಾನೆ. ಮಾಲಿಗೆ ಬಂಗಾರದ ಬೆಲೆ ಬಂದರೂ ಅವನ ಬಾಡಿಗೆ ಅಷ್ಟೇ. ಪೇಟ್ರಿಯಾನ್, ಸಬ್‌ಸ್ಟ್ಯಾಕ್, ಗಮ್‌ರೋಡ್ ದಲಾಲಿಯ ಅಂಗಡಿಗಳು. ಘೋಸ್ಟ್, ಬಟನ್‌ಡೌನ್, ಕಾರ್ಡ್ ಎಂಬ ಒಂದು ಪುಟದ ಜಾಲತಾಣ ಕಟ್ಟುವ ಸೇವೆ, ಇವು ಬಾಡಿಗೆಯ ಗೋದಾಮುಗಳು.

ಹೊಸಬನಿಗೆ ದಲಾಲಿ ಸಿಹಿ. ವರ್ಷಕ್ಕೆ 500 ಡಾಲರ್ ಮಾತ್ರ ಮಾರುವ ಚಿತ್ರಕಾರ ಶೇ. 10ರ ಅಂಗಡಿಗೆ 50 ಡಾಲರ್ ಕೊಟ್ಟು ಸುಮ್ಮನಿರಬಹುದು. ಅವನೇ ತಿಂಗಳಿಗೆ 30 ಡಾಲರ್ ಬಾಡಿಗೆಯ ಸೇವೆಗೆ ಹೋದರೆ ವರ್ಷಕ್ಕೆ 360 ಡಾಲರ್ ಹೋಗುತ್ತದೆ, ಕೈಗೆ ಉಳಿಯುವುದು 140. ಆದರೆ ವರ್ಷಕ್ಕೆ ಲಕ್ಷ ಡಾಲರ್ ಮಾರುವವನಿಗೆ ಲೆಕ್ಕ ಉಲ್ಟಾ. ದಲಾಲಿಯಲ್ಲಿ 10 ಸಾವಿರ ಡಾಲರ್ ಕಳೆದುಕೊಳ್ಳುವವನು ಬಾಡಿಗೆಯಲ್ಲಿ ಕೆಲವು ನೂರರಿಂದ ಒಂದೆರಡು ಸಾವಿರದೊಳಗೆ ಮುಗಿಸುತ್ತಾನೆ. ಹೀಗಾಗಿ ದಲಾಲಿಯ ಅಂಗಡಿಯಲ್ಲಿ ಸದಾ ಒಂದು ಸಂಕಟ ಇದ್ದೇ ಇರುತ್ತದೆ. ಬೆಳೆಯದ ಗಿರಾಕಿ ಉಳಿಯುತ್ತಾನೆ, ಬೆಳೆದವನು ಬಾಗಿಲ ಕಡೆ ನೋಡುತ್ತಾನೆ. ಸೇವೆ ಕಟ್ಟುವವನು ಮೊದಲ ದಿನವೇ ತನಗೆ ಯಾವ ಗಿರಾಕಿ ಬೇಕು ಎಂದು ನಿಶ್ಚಯಿಸದೆ ಬೆಲೆ ಬರೆದರೆ ಮುಂದೆ ಬೆಲೆ ಬದಲಿಸಲೇಬೇಕಾಗುತ್ತದೆ. ಬೆಲೆ ಬದಲಿಸಿದ ದಿನ ವಿಶ್ವಾಸವೂ ಬದಲಾಗುತ್ತದೆ.

ಗಮ್‌ರೋಡ್‌ನ ಕಥೆ ಇದಕ್ಕೆ ತಕ್ಕ ಉದಾಹರಣೆ. ಇನ್ನೂ ಇಪ್ಪತ್ತು ತುಂಬದ ಸಾಹಿಲ್ ಲವಿಂಗಿಯಾ 2011ರಲ್ಲಿ ತಾನು ಬರೆದ ಪೆನ್ಸಿಲಿನ ಚಿತ್ರವೊಂದನ್ನು ಮಾರಲು ಸುಲಭ ದಾರಿ ಕಾಣದೆ, ಒಂದು ವಾರಾಂತ್ಯದಲ್ಲಿ ಈ ಸೇವೆಯ ಮೊದಲ ರೂಪ ಕಟ್ಟಿದರು. ಕಡತ ಹಾಕು, ಬೆಲೆ ಬರೆ, ಕೊಂಡಿ ಹಂಚು. ಅಷ್ಟೇ. 2012ರಲ್ಲಿ ಕ್ಲೈನರ್ ಪರ್ಕಿನ್ಸ್ ಎಂಬ ಹೆಸರಾಂತ ಹೂಡಿಕೆ ಸಂಸ್ಥೆಯ ಮುಂದಾಳತ್ವದಲ್ಲಿ 70 ಲಕ್ಷ ಡಾಲರ್ ಬಂತು. ಹಣ ಬಂದ ಮೇಲೆ ಸಣ್ಣದಾಗಿ ಉಳಿಯುವ ಹಾಗಿಲ್ಲ. ಹೂಡಿದವರಿಗೆ ನೂರು ಪಟ್ಟು ಬೇಕು. ವ್ಯಾಪಾರ ಬೆಳೆಯಿತಾದರೂ ಅವರಿಗೆ ಬೇಕಾದ ವೇಗದಲ್ಲಿ ಬೆಳೆಯಲಿಲ್ಲ. 2015ರಲ್ಲಿ ಮುಂದಿನ ಕಂತು ಸಿಗದೆ ಮುಕ್ಕಾಲು ಪಾಲು ನೌಕರರನ್ನು ಮನೆಗೆ ಕಳಿಸಬೇಕಾಯಿತು. ಬಳಿಕ ಲವಿಂಗಿಯಾ ಹೆಚ್ಚುಕಡಿಮೆ ಒಬ್ಬರೇ ಅದನ್ನು ನಡೆಸಿದರು. ಮುಖ್ಯ ಹೂಡಿಕೆದಾರರು ತಮ್ಮ ಪಾಲನ್ನು ಕೇವಲ ಒಂದು ಡಾಲರಿಗೆ ಹಿಂದಿರುಗಿಸಿದರು ಎಂದು ಅವರೇ 2019ರಲ್ಲಿ ಬರೆದುಕೊಂಡಿದ್ದಾರೆ. ನೂರು ಕೋಟಿ ಡಾಲರಿನ ಕಂಪನಿ ಕಟ್ಟುವಲ್ಲಿ ತಾನು ಸೋತೆ ಎಂಬುದು ಆ ಬರಹದ ವಿಷಯ. ಸಾವಿರಾರು ಜನರ ಮಾಲು ಮಾರಿಸಿಕೊಟ್ಟು, ಸಾಲವಿಲ್ಲದೆ, ಖರ್ಚು ಕಳೆದು ಉಳಿಯುವ ಅಂಗಡಿಯನ್ನು ಊರ ಪೇಟೆಯಲ್ಲಿ ಯಾರೂ ಸೋಲು ಎನ್ನುವುದಿಲ್ಲ, ಬಿಡಿ.

ಅಲ್ಲಿಗೆ ಕಥೆ ಮುಗಿಯಲಿಲ್ಲ. 2022ರ ಕೊನೆಯವರೆಗೆ ಗಮ್‌ರೋಡ್‌ನಲ್ಲಿ ಹೆಚ್ಚು ಮಾರಿದವರಿಗೆ ದಲಾಲಿ ಕಡಿಮೆಯಾಗುತ್ತ ಹೋಗುವ ಮೆಟ್ಟಿಲು ದರವಿತ್ತು. 2023ರ ಜನವರಿ ಕೊನೆಯಿಂದ ಎಲ್ಲರಿಗೂ ಸಪಾಟಾಗಿ ಶೇ. 10 ಆಯಿತು. ಸಣ್ಣವರಿಗೆ ಇದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ವರ್ಷಗಳಿಂದ ಅಂಗಡಿಯ ಹೆಸರು ಬೆಳೆಸಿದ ದೊಡ್ಡ ಮಾರಾಟಗಾರರ ಖರ್ಚು ಒಂದೇ ಏಟಿಗೆ ಹಲವು ಪಟ್ಟಾಯಿತು. ಹಲವರು ಗದ್ದಲ ಮಾಡಿದರು, ಕೆಲವರು ಲೆಮನ್ ಸ್ಕ್ವೀಜಿ ಎಂಬ ಹೊಸ ಸೇವೆಗೆ ಗಂಟುಮೂಟೆ ಕಟ್ಟಿದರು. 2024ರ ಜುಲೈನಲ್ಲಿ ಆ ಲೆಮನ್ ಸ್ಕ್ವೀಜಿಯನ್ನೂ ಹಣ ಪಾವತಿಯ ದೈತ್ಯ ಸ್ಟ್ರೈಪ್ ಕೊಂಡುಕೊಂಡಿತು.

ಗಮ್‌ರೋಡ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. 2025ರ ಜನವರಿಯಿಂದ ಅದು ದೇಶದೇಶಗಳ ಮಾರಾಟ ತೆರಿಗೆಯನ್ನು ತಾನೇ ವಸೂಲು ಮಾಡಿ ತಾನೇ ಕಟ್ಟುವ ಹೊಣೆ ಹೊತ್ತಿದೆ. ಯುರೋಪಿನ ಒಂದೊಂದು ದೇಶಕ್ಕೆ ಒಂದೊಂದು ದರದ ವ್ಯಾಟ್, ಅಮೆರಿಕದ ಒಂದೊಂದು ರಾಜ್ಯಕ್ಕೆ ಒಂದೊಂದು ತೆರಿಗೆ. ಇದನ್ನು ಒಬ್ಬ ಚಿತ್ರಕಾರ ಕುಳಿತು ಲೆಕ್ಕ ಹಾಕಲಾರ. ತೆರಿಗೆಯ ತಲೆನೋವು ಹೊರುವ ದಲ್ಲಾಳಿ ಶೇ. 10 ಕೇಳಿದರೆ ಅದರಲ್ಲಿ ಸ್ವಲ್ಪ ನ್ಯಾಯ ಉಂಟು. ಬರೀ ಒಂದು ಕೊಂಡಿ ಕೊಟ್ಟು ಅಷ್ಟೇ ಕೇಳುವವನಿಗೆ ಆ ನ್ಯಾಯ ಇಲ್ಲ.

ಇನ್ನು ಕಣ್ಣಿಗೆ ಬೀಳದ ಚಿಲ್ಲರೆಯ ವಿಚಾರ. ಅಮೆರಿಕದಲ್ಲಿ ಕಾರ್ಡಿನ ಮೂಲಕ ಹಣ ಪಡೆದರೆ ಸ್ಟ್ರೈಪ್‌ನ ಸಾಮಾನ್ಯ ದರ ಶೇ. 2.9 ಮತ್ತು ಪ್ರತಿ ವ್ಯವಹಾರಕ್ಕೆ 30 ಸೆಂಟ್. ನೂರು ಡಾಲರಿನ ಮಾಲಿಗೆ ಇದು 3 ಡಾಲರ್ 20 ಸೆಂಟ್, ಅಂದರೆ ನೂರಕ್ಕೆ ಮೂರರ ಆಸುಪಾಸು. ಒಂದು ಡಾಲರಿನ ಮಾಲಿಗೆ ಸುಮಾರು 33 ಸೆಂಟ್, ಮೂರನೇ ಒಂದು ಪಾಲು! ಅಗ್ಗದ ಬೆಲೆ ಇಟ್ಟವನು ಗಿರಾಕಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿರುತ್ತಾನೆ, ಲಾಭವೆಲ್ಲ ಹಣ ದಾಟಿಸುವವನ ಜೇಬಿಗೆ ಹೋಗಿರುತ್ತದೆ. 2017ರ ಡಿಸೆಂಬರಿನಲ್ಲಿ ಪೇಟ್ರಿಯಾನ್ ಈ ಚಿಲ್ಲರೆಯ ಭಾರವನ್ನು ಅಭಿಮಾನಿಗಳ ಮೇಲೆ ಹಾಕಲು ಹೊರಟಿತು. ಪ್ರತಿ ಕೊಡುಗೆಗೆ ಶೇ. 2.9 ಮತ್ತು 35 ಸೆಂಟ್. ತಿಂಗಳಿಗೆ ಒಂದು ಡಾಲರ್ ಕೊಡುತ್ತಿದ್ದವನಿಗೆ 1 ಡಾಲರ್ 38 ಸೆಂಟ್. ಒಂದೊಂದು ಡಾಲರಿನಂತೆ ಹತ್ತು ಕಲಾವಿದರಿಗೆ ಕೊಡುತ್ತಿದ್ದ ಬಡ ಅಭಿಮಾನಿಯೇ ಹೆಚ್ಚು ಪೆಟ್ಟು ತಿನ್ನುವ ಹಾಗಾಯಿತು. ಜನ ಕೊಡುಗೆ ನಿಲ್ಲಿಸತೊಡಗಿದರು. ಕಲಾವಿದರ ಆದಾಯ ಕಣ್ಣೆದುರೇ ಕರಗಿತು. ಒಂದು ವಾರದೊಳಗೆ ಸಂಸ್ಥೆ ಕ್ಷಮೆ ಕೇಳಿ ಆ ದರವನ್ನು ಹಿಂತೆಗೆದುಕೊಂಡಿತು.

ಇದರ ಮೇಲೆ ಇನ್ನೊಂದು ಸುಂಕದ ಕಟ್ಟೆ ಇದೆ. ಐಫೋನಿನ ಆ್ಯಪ್ ಒಳಗೆ ನಡೆಯುವ ಚಂದಾ ವ್ಯವಹಾರಕ್ಕೆ ಆಪಲ್ ಶೇ. 30ರವರೆಗೆ ಕೇಳುತ್ತದೆ. ಇದನ್ನು ತನ್ನ ಕಲಾವಿದರಿಗೂ ಅನ್ವಯಿಸಬೇಕೆಂದು ಆಪಲ್ ಪಟ್ಟು ಹಿಡಿದಿದೆ ಎಂದು ಪೇಟ್ರಿಯಾನ್ 2024ರ ಆಗಸ್ಟಿನಲ್ಲಿ ತಿಳಿಸಿತು. ಅಡತಿಯವನು ನೂರಕ್ಕೆ ಹತ್ತು ಹಿಡಿದರೆ ಯಾರ್ಡಿನ ಗೇಟಿನವನು ನೂರಕ್ಕೆ ಮೂವತ್ತು ಕೇಳಿದ ಹಾಗೆ. ಸಣ್ಣ ಸೇವೆ ಕಟ್ಟುವವರು ಆ್ಯಪ್ ಮಾಡುವ ಆಸೆಗೆ ಬೀಳದೆ ಬ್ರೌಸರಿನಲ್ಲಿ ತೆರೆಯುವ ಪುಟದಲ್ಲೇ ಹಣ ಪಡೆಯುವುದಕ್ಕೆ ಇದೇ ಕಾರಣ.

ಹಾಗಾದರೆ ಸಣ್ಣದಾಗಿಯೇ ಉಳಿದು ಬಾಳಿದವರು ಇದ್ದಾರೆಯೇ? ಇದ್ದಾರೆ. ಮಾಚೇ ಸೆಗ್ಲೋವ್ಸ್ಕಿ ಎಂಬವರು 2009ರಲ್ಲಿ ಪಿನ್‌ಬೋರ್ಡ್ ಎಂಬ ಸೇವೆ ತೆರೆದರು. ಜಾಲದಲ್ಲಿ ಕಂಡ ಪುಟಗಳನ್ನು ಗುರುತು ಮಾಡಿ ಇಟ್ಟುಕೊಳ್ಳುವ ಸರಳ ಕೆಲಸ. ಅದೇ ಕೆಲಸವನ್ನು ಯಾಹೂ ಒಡೆತನದ ಡೆಲಿಶಿಯಸ್ ಪುಕ್ಕಟೆ ಮಾಡಿಕೊಡುತ್ತಿತ್ತು. ಪುಕ್ಕಟೆಯ ಎದುರು ಹಣ ಕೇಳುವ ಅಂಗಡಿ! ಅವರ ಬೆಲೆಯ ರೀತಿಯೂ ವಿಚಿತ್ರ. ಸೇರುವ ಶುಲ್ಕ ಎಷ್ಟು ಜನ ಈಗಾಗಲೇ ಸೇರಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಒಬ್ಬ ಸದಸ್ಯನಿಗೆ ಸೆಂಟಿನ ಹತ್ತನೇ ಒಂದು ಭಾಗದಂತೆ ಏರುತ್ತ ಹೋಗುತ್ತಿತ್ತು. ಮೂರು ಸಾವಿರದವನಿಗೆ 3 ಡಾಲರ್, ಹತ್ತು ಸಾವಿರದವನಿಗೆ 10 ಡಾಲರ್. ಬೇಗ ಬಂದವನಿಗೆ ಅಗ್ಗ, ತಡ ಮಾಡಿದವನಿಗೆ ತುಟ್ಟಿ. 2010ರ ಡಿಸೆಂಬರಿನಲ್ಲಿ ಯಾಹೂ ಡೆಲಿಶಿಯಸ್ ಅನ್ನು ಕೈಬಿಡಲಿದೆ ಎಂಬ ಒಳಸುದ್ದಿ ಹೊರಬಿದ್ದಾಗ ಜನ ಪಿನ್‌ಬೋರ್ಡ್‌ಗೆ ಮುಗಿಬಿದ್ದರು. ಮರುವರ್ಷ ಡೆಲಿಶಿಯಸ್ ಹೊಸ ಒಡೆಯರ ಕೈಗೆ ಹೋಗಿ ರೂಪ ಬದಲಿಸಿದಾಗ, ಅಲ್ಲಿ ತಮ್ಮ ಕಥೆಗಳ ಪಟ್ಟಿಯನ್ನು ಒಪ್ಪವಾಗಿ ಜೋಡಿಸಿಟ್ಟಿದ್ದ ಹವ್ಯಾಸಿ ಕಥೆಗಾರರ ದೊಡ್ಡ ಗುಂಪೇ ನೆಲೆ ಕಳೆದುಕೊಂಡಿತು. ನಿಮಗೆ ಏನೇನು ಬೇಕು ಎಂದು ಸೆಗ್ಲೋವ್ಸ್ಕಿ ಕೇಳಿದ್ದಕ್ಕೆ ಆ ಕಥೆಗಾರರು ಒಟ್ಟಾಗಿ ಕುಳಿತು ಹತ್ತಾರು ಪುಟಗಳ ಬೇಡಿಕೆ ಪಟ್ಟಿ ಬರೆದುಕೊಟ್ಟರು. 2017ರಲ್ಲಿ ಆ ಡೆಲಿಶಿಯಸ್ ಅನ್ನೇ 35 ಸಾವಿರ ಡಾಲರಿಗೆ ಪಿನ್‌ಬೋರ್ಡ್ ಕೊಂಡಿತು.

ಆದರೆ ಪಿನ್‌ಬೋರ್ಡ್ ಕೂಡ ಬೆಲೆಯ ರೀತಿಯನ್ನು ಬದಲಿಸಬೇಕಾಯಿತು. ಒಮ್ಮೆ ಕಟ್ಟಿದರೆ ಸಾಕು ಎಂಬ ಶುಲ್ಕ ಹೋಗಿ ವರ್ಷಕ್ಕೆ 11 ಡಾಲರ್ ಎಂಬ ಚಂದಾ ಬಂತು. ಕಾರಣ ಸ್ಪಷ್ಟ. ಸರ್ವರಿನ ಬಿಲ್ಲು ಪ್ರತಿ ತಿಂಗಳು ಬರುತ್ತದೆ, ಗಿರಾಕಿಯ ಹಣ ಒಮ್ಮೆ ಮಾತ್ರ ಬಂದಿರುತ್ತದೆ. ಹೊಸಬರು ಬರುತ್ತಿರುವಷ್ಟು ದಿನ ಹಳಬರ ಖರ್ಚು ನಡೆಯುತ್ತದೆ, ಹೊಸಬರು ನಿಂತ ದಿನ ಗಲ್ಲೆ ಬರಿದು. ಇಂದು ಭಾರತದಲ್ಲೂ ಹಲವು ಹೊಸ ಸೇವೆಗಳು “ಒಂದೇ ಬಾರಿ ಕಟ್ಟಿ, ಜೀವಮಾನವಿಡೀ ಬಳಸಿ” ಎಂದು ಜಾಹೀರಾತು ಕೊಡುತ್ತವೆ. ಅದು ಗಿರಾಕಿಯಿಂದ ಪಡೆದ ಬಡ್ಡಿಯಿಲ್ಲದ ಸಾಲ. ತೀರಿಸುವ ದಾರಿ ಯೋಚಿಸದೆ ಪಡೆದ ಸಾಲಕ್ಕೆ ಪೇಟೆಯಲ್ಲಿ ಏನು ಹೆಸರು ಎಂಬುದು ಎಲ್ಲರಿಗೂ ಗೊತ್ತು.

ಇನ್ನೊಂದು ಕಥೆ ಕನ್ವರ್ಟ್‌ಕಿಟ್‌ನದು. 2024ರಿಂದ ಅದರ ಹೆಸರು ಕಿಟ್. ನೇಥನ್ ಬ್ಯಾರಿ ಎಂಬವರು 2013ರ ಜನವರಿಯಲ್ಲಿ ಎಲ್ಲರ ಎದುರು ಒಂದು ಪಣ ತೊಟ್ಟರು. ಆರು ತಿಂಗಳಲ್ಲಿ ತಿಂಗಳಿಗೆ 5,000 ಡಾಲರ್ ಆದಾಯದ ಸಾಫ್ಟ್‌ವೇರ್ ಸೇವೆ ಕಟ್ಟಿ ತೋರಿಸುವೆ ಎಂದು. ಗುರಿಯ ಅರ್ಧವೂ ಮುಟ್ಟಲಿಲ್ಲ. ಎರಡನೇ ವರ್ಷ ಆದಾಯ ಇನ್ನೂ ಇಳಿಯಿತು. ಒಂದೋ ಮುಚ್ಚು, ಇಲ್ಲವೇ ಪೂರ್ತಿ ಮನಸ್ಸಿಟ್ಟು ಮಾಡು ಎಂದು ಗೆಳೆಯರೊಬ್ಬರು ಹೇಳಿದ ಮೇಲೆ ಅವರು ತಮ್ಮ ಉಳಿತಾಯದ 50 ಸಾವಿರ ಡಾಲರ್ ಹಾಕಿ, ಎಲ್ಲರಿಗೂ ಮಾರುವುದನ್ನು ಬಿಟ್ಟು ಬ್ಲಾಗ್ ಬರೆಯುವವರಿಗೇ ಮಾರಲು ನಿಂತರು. ಒಬ್ಬೊಬ್ಬರಿಗೆ ತಾವೇ ಪತ್ರ ಬರೆದು, ಮಾತಾಡಿದರು. ಎಲ್ಲರ ಉತ್ತರ ಒಂದೇ: “ನಿಮ್ಮದು ಚೆನ್ನಾಗಿದೆ, ಆದರೆ ಇದ್ದಲ್ಲಿಂದ ಎಲ್ಲವನ್ನೂ ಕಿತ್ತು ತರುವುದು ಯಾರಿಗೆ ಬೇಕು?” ಆಗ ಬ್ಯಾರಿ ಆ ಕೆಲಸವನ್ನೂ ತಾವೇ ಪುಕ್ಕಟೆ ಮಾಡಿಕೊಡತೊಡಗಿದರು. ಗಿರಾಕಿಯ ಪಟ್ಟಿ, ಪತ್ರಗಳು, ಅರ್ಜಿ ನಮೂನೆಗಳು, ಎಲ್ಲವನ್ನೂ ಕೈಯಿಂದ ಎತ್ತಿ ಹೊಸ ಮನೆಯಲ್ಲಿ ಜೋಡಿಸಿಕೊಟ್ಟರು. 2015ರ ಕೊನೆಗೆ ತಿಂಗಳ ಆದಾಯ ಒಂದು ಲಕ್ಷ ಡಾಲರಿಗೆ ಹತ್ತಿರ ಬಂದಿತ್ತು. ಬೆಲೆ ಇಳಿಸಿ ಗೆದ್ದದ್ದಲ್ಲ ಇದು. ಗಿರಾಕಿ ಸ್ಥಳ ಬದಲಿಸುವ ಶ್ರಮವೇ ನಿಜವಾದ ಬೆಲೆ ಎಂದು ತಿಳಿದು, ಅದನ್ನು ತಾವು ಹೊತ್ತು ಗೆದ್ದದ್ದು. ಅಂಗಡಿ ಬದಲಿಸಿದ ಗಿರಾಕಿಯ ಚೀಲವನ್ನು ಮನೆವರೆಗೆ ಹೊತ್ತು ಕೊಟ್ಟವನನ್ನು ಗಿರಾಕಿ ಮರೆಯುವುದಿಲ್ಲ.

ಇಲ್ಲೇ ಕ್ರಿಯೇಟರಿನ ಪಾಲಿನ ಅಪಾಯವೂ ಇದೆ. ಬೆಲೆ ನ್ಯಾಯವಾಗಿದ್ದರೂ ಅಂಗಡಿಯ ಒಡೆಯ ಬದಲಾದರೆ ಏನು ಗತಿ? ಬ್ಯಾಂಡ್‌ಕ್ಯಾಂಪ್ 2008ರಿಂದ ಸಂಗೀತಗಾರರು ತಮ್ಮ ಹಾಡುಗಳನ್ನು ನೇರವಾಗಿ ಕೇಳುಗರಿಗೆ ಮಾರುವ ತಾಣ. ಹಾಡಿಗೆ ಶೇ. 15, ಅಂಗಿ, ಡಿಸ್ಕ್ ಮುಂತಾದ ವಸ್ತುಗಳಿಗೆ ಶೇ. 10 ಅದರ ದಲಾಲಿ. 2020ರ ಮಾರ್ಚ್ 20ರಂದು, ಕೊರೊನಾದಿಂದ ಕಛೇರಿಗಳೆಲ್ಲ ನಿಂತಾಗ, ಒಂದು ಶುಕ್ರವಾರದ ಮಟ್ಟಿಗೆ ತನ್ನ ದಲಾಲಿಯನ್ನೇ ಬಿಟ್ಟುಕೊಟ್ಟಿತು. ಬಳಿಕ ಅಂಥ ಶುಕ್ರವಾರಗಳು ಮತ್ತೆ ಮತ್ತೆ ಬಂದವು. ಸಂಗೀತಗಾರರು ಅದನ್ನು ತಮ್ಮದೇ ಮನೆ ಎಂದು ನಂಬಿದ್ದರು. 2022ರ ಮಾರ್ಚಿನಲ್ಲಿ ವಿಡಿಯೊ ಗೇಮ್ ಸಂಸ್ಥೆ ಎಪಿಕ್ ಅದನ್ನು ಕೊಂಡಿತು. ಒಂದೂವರೆ ವರ್ಷದಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಅದನ್ನು ಸಾಂಗ್‌ಟ್ರೇಡರ್ ಎಂಬ ಸಂಸ್ಥೆಗೆ ಮಾರುವುದಾಗಿ ಪ್ರಕಟಿಸಿತು. ಮರು ತಿಂಗಳು ನೌಕರರಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ದಲಾಲಿಯ ದರ ಅಷ್ಟೇ ಉಳಿಯಿತು, ನಿಜ. ಆದರೆ ಎರಡು ಬಾರಿ ಒಡೆತನ ಕೈ ಬದಲಾದಾಗಲೂ ಆ ಮನೆಯನ್ನು ತುಂಬಿದ ಸಂಗೀತಗಾರರನ್ನು ಯಾರೂ ಕೇಳಲಿಲ್ಲ.

ಘೋಸ್ಟ್ ಇದಕ್ಕೆ ಬೇರೆ ದಾರಿ ಹಿಡಿಯಿತು. ಜಾನ್ ಒ'ನೋಲನ್ ಮತ್ತು ಹ್ಯಾನಾ ವುಲ್ಫ್ 2013ರಲ್ಲಿ ಜನರಿಂದಲೇ ವಂತಿಗೆ ಕೂಡಿಸಿದರು. ಕೇಳಿದ್ದು 25 ಸಾವಿರ ಪೌಂಡ್, ಬಂದದ್ದು 1 ಲಕ್ಷ 96 ಸಾವಿರ ಪೌಂಡಿಗೂ ಹೆಚ್ಚು. ಆ ಹಣದಲ್ಲಿ ಲಾಭದ ಕಂಪನಿಯನ್ನು ಕಟ್ಟದೆ, ಷೇರುದಾರರೇ ಇಲ್ಲದ ಪ್ರತಿಷ್ಠಾನ ಕಟ್ಟಿದರು. ಮಾರಲು ಷೇರು ಇಲ್ಲದ ಮೇಲೆ ಕೊಳ್ಳುವವನೂ ಇಲ್ಲ. ಸಾಫ್ಟ್‌ವೇರನ್ನು ಯಾರು ಬೇಕಾದರೂ ಪುಕ್ಕಟೆ ಒಯ್ದು ತಮ್ಮ ಸರ್ವರಿನಲ್ಲಿ ನಡೆಸಬಹುದು. ಆ ಕಷ್ಟ ಬೇಡ ಎನ್ನುವವರು ಸಂಸ್ಥೆಗೆ ಬಾಡಿಗೆ ಕಟ್ಟಿ ಅಲ್ಲೇ ನಡೆಸಿಕೊಳ್ಳಬಹುದು. ಬರಹಗಾರನ ಚಂದಾ ಹಣದಲ್ಲಿ ಘೋಸ್ಟ್‌ನ ಪಾಲು ಸೊನ್ನೆ. ಬಾಡಿಗೆ ಏರಿದರೂ ಹೊರಟು ಹೋಗುವ ದಾರಿ ತೆರೆದೇ ಇರುತ್ತದೆ. ಚಂದಾದಾರರ ಪಟ್ಟಿ ಮತ್ತು ಅವರ ಪಾವತಿಯ ಖಾತೆ ಯಾರ ಹೆಸರಿನಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಸಬ್‌ಸ್ಟ್ಯಾಕ್‌ನಲ್ಲೂ ಬರಹಗಾರನ ಸ್ವಂತ ಸ್ಟ್ರೈಪ್ ಖಾತೆಗೆ ಹಣ ಬರುವುದರಿಂದ ಅವನು ಪಟ್ಟಿ ಎತ್ತಿಕೊಂಡು ಹೊರಡಬಲ್ಲ. ಆ್ಯಪ್ ಸ್ಟೋರ್ ಮೂಲಕ ಬಂದ ಚಂದಾದಾರನನ್ನು ಹಾಗೆ ಒಯ್ಯಲು ಆಗುವುದಿಲ್ಲ, ಅವನ ಲೆಕ್ಕ ಆ್ಯಪ್ ಸ್ಟೋರಿನ ಪುಸ್ತಕದಲ್ಲಿರುತ್ತದೆ.

ಈಗ ಕರ್ನಾಟಕಕ್ಕೆ ಬರೋಣ. ಕನ್ನಡದ ಬರಹಗಾರನಿಗೆ ಸಣ್ಣ ಸೇವೆಗಳ ಅಗತ್ಯ ಇಂಗ್ಲಿಷಿನವನಿಗಿಂತ ಹೆಚ್ಚು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತದ ಐದು ಭಾಷೆಗಳನ್ನು ಸೇರಿಸಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ದೊಡ್ಡವರ ಲೆಕ್ಕದಲ್ಲಿ ಬಾರದ ಭಾಷೆಗೆ ಸಣ್ಣವರೇ ದಿಕ್ಕು. ಕನ್ನಡ ಇ-ಪುಸ್ತಕ ಮತ್ತು ಆಡಿಯೊ ಪುಸ್ತಕಗಳಿಗಾಗಿ ಮೈಲ್ಯಾಂಗ್‌ನಂಥ ಸೇವೆ ಹುಟ್ಟಿದ್ದು ಆ ಖಾಲಿ ಜಾಗದಲ್ಲೇ.

ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕುಳಿತ ಒಬ್ಬ ಯುವಕ ಇಂಥ ಸೇವೆಯೊಂದನ್ನು ಕಟ್ಟುತ್ತಾನೆ ಎಂದು ಇಟ್ಟುಕೊಳ್ಳೋಣ. ಸಂಗೀತ ಕಲಿಸುವವರು, ಪಾಠ ಮಾಡುವವರು, ಯಕ್ಷಗಾನದ ಧ್ವನಿಮುದ್ರಣ ಮಾರುವವರು ತಮ್ಮ ಚಂದಾ ಲೆಕ್ಕ ಇಟ್ಟುಕೊಳ್ಳುವ ಸೇವೆ. ಅವನ ಮನೆಖರ್ಚಿಗೆ ತಿಂಗಳಿಗೆ 60 ಸಾವಿರ, ಸರ್ವರ್, ಇಮೇಲ್, ಎಸ್‌ಎಂಎಸ್‌ಗೆ 10 ಸಾವಿರ, ಒಟ್ಟು 70 ಸಾವಿರ ರೂಪಾಯಿ ಬೇಕು. ಪಾವತಿ ಗೇಟ್‌ವೇಗೆ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಶೇ. 2.36 ಹೋಗುತ್ತದೆ ಎಂದು ಹಿಡಿಯೋಣ. ತಿಂಗಳಿಗೆ 99 ರೂಪಾಯಿ ಬೆಲೆ ಇಟ್ಟರೆ ಅವನಿಗೆ 725 ಗಿರಾಕಿಗಳು ಬೇಕು. 499 ರೂಪಾಯಿ ಇಟ್ಟರೆ 144 ಸಾಕು. ಪ್ರತಿ ತಿಂಗಳು ನೂರಕ್ಕೆ ಐದು ಜನ ಬಿಟ್ಟು ಹೋಗುತ್ತಾರೆ ಎಂದರೆ, ಮೊದಲ ಲೆಕ್ಕದಲ್ಲಿ ತಿಂಗಳಿಗೆ 36 ಹೊಸಬರನ್ನು ಹುಡುಕಬೇಕು, ಎರಡನೆಯದರಲ್ಲಿ ಏಳು ಜನ. ಇನ್ನು 725 ಜನರ ಫೋನು, ದೂರು, “ಪಾಸ್‌ವರ್ಡ್ ಮರೆತುಹೋಯಿತು” ಎಂಬ ಸಂದೇಶಗಳಿಗೆ ಉತ್ತರಿಸುವವನೂ ಅವನೊಬ್ಬನೇ. ಸಾಫ್ಟ್‌ವೇರ್ ಸುಧಾರಿಸಲು ಅವನಿಗೆ ಸಮಯ ಎಲ್ಲಿ? ಅಗ್ಗದ ಬೆಲೆ ಇಟ್ಟು ಮುಚ್ಚಿಹೋದ ಸೇವೆಯಿಂದ ಗಿರಾಕಿಗೆ ಆಗುವ ನಷ್ಟ, ಸರಿಯಾದ ಬೆಲೆ ಇಟ್ಟು ಉಳಿದ ಸೇವೆಯ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚು. ಹೊಸಬರು ಇದನ್ನು ನಂಬುವುದಿಲ್ಲ. 99ರ ಮೋಹ ಬಿಡುವುದಿಲ್ಲ.

ತಿಂಗಳ ಚಂದಾ ಎಂಬುದೂ ಭಾರತದಲ್ಲಿ ಅಮೆರಿಕದಷ್ಟು ಸಲೀಸಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಬೇಕಾದರೆ ಗಿರಾಕಿ ಮೊದಲೇ ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ಅವನಿಗೆ ತಿಳುವಳಿಕೆ ಹೋಗಬೇಕು. ಒಟಿಪಿ ಇಲ್ಲದೆ ಕಡಿತವಾಗುವ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನಿನಲ್ಲಿ 15,000ಕ್ಕೆ ಏರಿತು. ಗಿರಾಕಿಗೆ ಇದರಿಂದ ರಕ್ಷಣೆ ಸಿಕ್ಕಿದ್ದು ನಿಜ. ಮರೆತುಹೋದ ಚಂದಾಗಳಿಗೆ ಕಳ್ಳನ ಹಾಗೆ ಹಣ ಹೋಗುವುದು ನಿಂತಿತು. ಆದರೆ ಆ ಅಕ್ಟೋಬರಿನಲ್ಲಿ ವಿದೇಶಿ ಸೇವೆಗಳಿಗೆ ಇಲ್ಲಿನ ಕಾರ್ಡುಗಳಿಂದ ಹೋಗುತ್ತಿದ್ದ ಚಂದಾಗಳು ಸಾಲುಸಾಲಾಗಿ ಮುರಿದುಬಿದ್ದವು. 2020ರ ಜುಲೈನಲ್ಲಿ ಬಂದ ಯುಪಿಐ ಆಟೊಪೇ ಈಗ ಆ ಜಾಗವನ್ನು ಸ್ವಲ್ಪ ತುಂಬಿದೆ. ಆದರೂ ಸಣ್ಣ ಸೇವೆಯವರು ವರ್ಷಕ್ಕೊಮ್ಮೆ ಮುಂಗಡ ಪಡೆಯುವುದೇ ಇಲ್ಲಿಗೆ ಒಗ್ಗುವ ರೀತಿ. ಹನ್ನೆರಡು ಬಾರಿ ಕೇಳುವ ಬದಲು ಒಮ್ಮೆ ಕೇಳುವುದು. ಕಾರ್ಡ್ ಎಂಬ ಆ ಒಂದು ಪುಟದ ಸೇವೆ ವರ್ಷಕ್ಕೆ 19 ಡಾಲರಿನಂತೆ ಬಾಳುತ್ತಿರುವುದೂ ಹಾಗೆಯೇ.

ಅಮೆರಿಕದ ಕನ್ನಡಿಗರ ಮಕ್ಕಳಿಗೆ ಮೈಸೂರಿನಿಂದ ಸಂಗೀತ ಕಲಿಸುವವರ ಲೆಕ್ಕ ಬೇರೆ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿತು, ವಿದೇಶದಿಂದ ಬರುವ ಹಣಕ್ಕೆ ಮಾತ್ರ ಉಳಿಯಿತು. ಅಲ್ಲಿಯ ವಿದ್ಯಾರ್ಥಿಗೆ ಒಂದು ದಾರಿ, ಇಲ್ಲಿಯ ವಿದ್ಯಾರ್ಥಿಗೆ ಇನ್ನೊಂದು. ಎರಡೂ ದಾರಿಯ ಹಣವನ್ನು ಒಂದೇ ಪುಟದಲ್ಲಿ ತೋರಿಸುವ ಸೇವೆಗೆ ಅವರು ತಿಂಗಳಿಗೆ ಸಾವಿರ ರೂಪಾಯಿ ಕೊಡಲೂ ಹಿಂಜರಿಯಲಾರರು.

ಜಿಎಸ್‌ಟಿಯನ್ನೂ ಮೊದಲೇ ಎಣಿಸಬೇಕು. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವವರೆಗೆ ಸೇವೆ ಕೊಡುವವನಿಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಮೇಲಿನ ಲೆಕ್ಕದ ಯುವಕನ ವಹಿವಾಟು ವರ್ಷಕ್ಕೆ ಸುಮಾರು ಎಂಟೂವರೆ ಲಕ್ಷ, ಆದ್ದರಿಂದ ಆರಂಭದಲ್ಲಿ ಚಿಂತೆಯಿಲ್ಲ. ಆದರೆ ಸೇವೆ ಬೆಳೆದು ಗೆರೆ ದಾಟಿದ ದಿನ 499ರ ಮೇಲೆ ಶೇ. 18 ಸೇರಿ ಬಿಲ್ಲು 588 ರೂಪಾಯಿ 82 ಪೈಸೆ ಆಗುತ್ತದೆ. ಅವನ ಗಿರಾಕಿಗಳಾದ ಸಂಗೀತ ಶಿಕ್ಷಕಿಗೋ ಚಿತ್ರಕಾರನಿಗೋ ಜಿಎಸ್‌ಟಿ ನೋಂದಣಿ ಇರುವುದಿಲ್ಲ, ಕಟ್ಟಿದ ತೆರಿಗೆಯನ್ನು ಅವರು ಹೊಂದಿಸಿಕೊಳ್ಳಲು ಬರುವುದಿಲ್ಲ. ಅವರ ಪಾಲಿಗೆ ಅದು ಬರೀ ಬೆಲೆ ಏರಿಕೆ. ಮೊದಲ ದಿನವೇ ತೆರಿಗೆಯನ್ನು ಒಳಗಿಟ್ಟುಕೊಂಡು ಬೆಲೆ ಬರೆದವನಿಗೆ ಆ ದಿನ ಯಾರ ಮುಂದೆಯೂ ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ.

ಇಷ್ಟಾದರೂ ಕರ್ನಾಟಕದಲ್ಲಿ ಇಂಥ ಸೇವೆಯ ನಿಜವಾದ ಎದುರಾಳಿ ಪೇಟ್ರಿಯಾನೂ ಅಲ್ಲ, ಸಬ್‌ಸ್ಟ್ಯಾಕೂ ಅಲ್ಲ. ಒಂದು ವಾಟ್ಸ್ಆ್ಯಪ್ ಗುಂಪು, ಒಂದು ಯುಪಿಐ ಕ್ಯೂಆರ್ ಚಿತ್ರ, ಒಂದು ನೂರು ಪುಟದ ನೋಟ್ ಪುಸ್ತಕ. 2020ರ ಜನವರಿಯಿಂದ ಯುಪಿಐ ಮೂಲಕ ಹಣ ಪಡೆಯುವ ಅಂಗಡಿಗೆ ಶುಲ್ಕವೇ ಇಲ್ಲ ಎಂಬ ನಿಯಮ ಬಂದ ಮೇಲೆ ಈ ಮೂರರ ಒಟ್ಟು ಖರ್ಚು ನೋಟ್ ಪುಸ್ತಕದ ಬೆಲೆಯಷ್ಟೇ. ಅರವತ್ತು ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ ಪ್ರತಿ ತಿಂಗಳ ಮೊದಲ ಭಾನುವಾರ ಕುಳಿತು, ಯಾರ ಸ್ಕ್ರೀನ್‌ಶಾಟ್ ಬಂತು, ಯಾರದು ಬಾಕಿ, ಯಾರು ಅಪ್ಪನ ಫೋನಿನಿಂದ ಕಳಿಸಿದ್ದಾರೆ ಎಂದು ಒಂದೊಂದಾಗಿ ಟಿಕ್ ಹಾಕುತ್ತಾರೆ. ಬಾಕಿ ಇದ್ದವರಿಗೆ ಸಂಕೋಚದಿಂದ ಸಂದೇಶ ಬರೆಯುತ್ತಾರೆ. ಮೂರು ತಾಸಾದರೂ ಬೇಕು. 499 ರೂಪಾಯಿ ಕೇಳಲು ಬರುವ ಯುವಕ ಮೊದಲು ಅವರ ಪಕ್ಕದಲ್ಲಿ ಕುಳಿತು ಆ ಪುಸ್ತಕದ ಒಂದು ತಿಂಗಳ ಪುಟ ನೋಡಬೇಕು, ಮತ್ತು ಆ ಅರವತ್ತು ಹೆಸರುಗಳನ್ನು ತಾನೇ ಟೈಪ್ ಮಾಡಿ ಕೊಡುತ್ತೇನೆ ಎನ್ನಬೇಕು.